‘ಬೇಡಿಕೆಯ ಪ್ರತಿಕ್ರಿಯೆ’: ಪದವಿಮರ್ಶೆ ಮತ್ತು ವಿಧಿವಿಮರ್ಶೆ

ವಿದ್ಯುಚ್ಛಕ್ತಿಯ ದರಕ್ಕೂ ಸಾಹಿತ್ಯಪರಿಶೋಧನೆಗೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರಿಗೆ ಶಂಕೆ ಹುಟ್ಟಬಹುದು. ಒಂದು ವಾಕ್ಯವು ಜನರ ಮನೆಯೊಳಕ್ಕೆ ಬಂದು, ಇಂಥ ಹೊತ್ತಿನಲ್ಲಿ ಇಂಥ ಕೆಲಸವನ್ನು ಮಾಡಿರಿ, ಇಂಥ ಹೊತ್ತಿನಲ್ಲಿ ಬಿಡಿರಿ ಎಂದು ವಿಧಿಸುವುದಾದರೆ, ಆ ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸುವುದು ವಾಕ್ಯಶಾಸ್ತ್ರವನ್ನು ಓದಿದವರ ಕೆಲಸವೇ ಸರಿ. ಈ ಲೇಖಕನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಆದರೆ ಪೂರ್ವಮೀಮಾಂಸೆಯು ವಿಧಿವಾಕ್ಯಗಳನ್ನು ಪರೀಕ್ಷಿಸುವುದಕ್ಕಾಗಿಯೇ ಹುಟ್ಟಿದ ಶಾಸ್ತ್ರ. ಅದರ ಒರೆಗಲ್ಲಿನ ಮೇಲೆ ಇಂದಿನ ವಿಧಿಯೊಂದನ್ನು ಉಜ್ಜಿ ನೋಡುವುದೇ ಈ ಲೇಖನದ ಉದ್ದೇಶ.

ವಿಮರ್ಶೆಗೆ ವಿಷಯವಾದುವು ಎರಡು. ಮೊದಲನೆಯದು, ಆಂಗ್ಲಭಾಷೆಯಿಂದ ನಮ್ಮ ಕಚೇರಿಯ ಕನ್ನಡಕ್ಕೆ ಇಳಿದಿರುವ ‘ಬೇಡಿಕೆಯ ಪ್ರತಿಕ್ರಿಯೆ’ ಎಂಬ ಪದಪುಂಜ. ಎರಡನೆಯದು, ಭಾರತ ಸರಕಾರವು 2023ನೆಯ ಜೂನ್ ತಿಂಗಳಿನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಮಾಡಿದ ತಿದ್ದುಪಡಿಯಲ್ಲಿ ಅಡಕವಾಗಿರುವ ಕಾಲಭೇದದ ದರವಿಧಿ.

1. ವಿಷಯನಿರೂಪಣೆ

ಧಾನ್ಯವನ್ನು ಕಣಜದಲ್ಲಿಯೂ ನೀರನ್ನು ಕೆರೆಯಲ್ಲಿಯೂ ತುಂಬಿಡುವಂತೆ ವಿದ್ಯುಚ್ಛಕ್ತಿಯನ್ನು ಅಗ್ಗವಾಗಿ ತುಂಬಿಡಲು ಬರುವುದಿಲ್ಲ. ಬಳಸುವವರು ಎಷ್ಟು ಸೆಳೆಯುವರೋ ಅಷ್ಟನ್ನು ಅದೇ ಕ್ಷಣದಲ್ಲಿ ಉತ್ಪಾದಿಸಬೇಕು. ಹೆಚ್ಚು ಕಡಮೆಯಾದರೆ ಜಾಲದ ಆವರ್ತನವು ತನ್ನ 50 ಹರ್ಟ್ಸಿನ ಸ್ಥಾನದಿಂದ ಕದಲುತ್ತದೆ; ಬಹಳ ಕದಲಿದರೆ ಜಾಲವೇ ಕುಸಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದ ಕಾಲಕ್ಕೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ ಕಾಲಕ್ಕೂ ಈ ನಿಯಮವೇ ಇದ್ದಿತು. ಆಗ ಬಳಕೆಯು ಹೇಗೆ ನಡೆದರೆ ಉತ್ಪಾದನೆಯು ಹಾಗೆ ಹಿಂಬಾಲಿಸುತ್ತಿತ್ತು. ನೀರಿನ ತೂಬನ್ನು ಹಿಗ್ಗಿಸಿ ಕುಗ್ಗಿಸಿದರೆ ಸಾಕಾಗಿತ್ತು.

ಈಗ ಈ ಕ್ರಮವು ತಲೆಕೆಳಗಾಗಿದೆ. ಪಾವಗಡದ 2,050 ಮೆಗಾವಾಟಿನ ಸೌರಕ್ಷೇತ್ರದಂಥವು ಮಧ್ಯಾಹ್ನ ಸಮೃದ್ಧವಾಗಿ ಕೊಡುತ್ತವೆ. ಸೂರ್ಯಾಸ್ತವಾದೊಡನೆ ಅವು ಮುಗಿದುವು. ಮನೆಗಳಲ್ಲಿಯಾದರೋ ಆಗಲೇ ದೀಪ, ಪಂಖ, ಒಲೆ, ಮಕ್ಕಳ ಪಾಠ ಎಲ್ಲವೂ ಮೊದಲಾಗುವುದು. ಹೀಗಾಗಿ ಸಂಜೆಯ ನಾಲ್ಕು ಗಂಟೆಗಳಿಗಾಗಿ ಕಲ್ಲಿದ್ದಲಿನ ಸ್ಥಾವರಗಳನ್ನು ಏರಿಸಬೇಕು, ಶರಾವತಿಯ ನೀರನ್ನು ಕಾದಿರಿಸಬೇಕು, ಸಾಲದಿದ್ದರೆ ಪೇಟೆಯಲ್ಲಿ ಕೊಳ್ಳಬೇಕು. ಪೇಟೆಯೆಂದರೆ ರೂಪಕವಲ್ಲ. 2008ರಿಂದ ನಮ್ಮ ದೇಶದಲ್ಲಿ ವಿದ್ಯುತ್ತಿನ ವಿನಿಮಯಕೇಂದ್ರಗಳು ನಡೆಯುತ್ತಿವೆ. ಪಂಚಾಂಗವು ದಿನವನ್ನು 60 ಘಟಿಗಳಾಗಿ ಒಡೆದರೆ ಈ ಪೇಟೆಯು 15 ನಿಮಿಷಗಳ 96 ಖಂಡಗಳಾಗಿ ಒಡೆಯುತ್ತದೆ. ಖಂಡಖಂಡಕ್ಕೂ ಬೇರೆ ಬೆಲೆ. ಮಧ್ಯಾಹ್ನ ಅಗ್ಗವಾಗಿ ಸಿಕ್ಕುವ ಯೂನಿಟ್ಟು ಸಂಜೆ ನಿಯಂತ್ರಕರು ಕಟ್ಟಿದ ಮೇಲ್ಮೇರೆಯನ್ನೇ ಮುಟ್ಟುವುದುಂಟು; 2023ರಲ್ಲಿ ಆ ಮೇರೆಯನ್ನು ಯೂನಿಟ್ಟಿಗೆ 10 ರೂಪಾಯಿ ಎಂದು ಗೊತ್ತುಮಾಡಿದರು. ಮನೆಯ ಯಜಮಾನನಿಗೆ ಇದಾವುದೂ ಕಾಣದು. ಅವನಿಗೆ ತಿಂಗಳಿಗೊಂದು ಬಿಲ್ಲು ಬರುತ್ತದೆ. ಅದರಲ್ಲಿ ಎಷ್ಟು ಎಂಬುದುಂಟು, ಯಾವಾಗ ಎಂಬುದಿಲ್ಲ.

ಬೆಲೆಯ ಮೂಲಕವಾಗಲಿ, ಬಹುಮಾನದ ಮೂಲಕವಾಗಲಿ, ಬರಿಯ ಪ್ರಾರ್ಥನೆಯ ಮೂಲಕವಾಗಲಿ ಬಳಸುವವರು ತಮ್ಮ ಬಳಕೆಯ ಹೊತ್ತನ್ನು ಬದಲಿಸುವಂತೆ ಮಾಡುವುದೇ ಪ್ರಕೃತ ಪದಪುಂಜದ ವಾಚ್ಯಾರ್ಥ.

2. ಪದವಿಚಾರ

‘ಬೇಡಿಕೆ’ ಎಂಬುದು ಬೇಡು ಎಂಬ ಧಾತುವಿಗೆ ‘ಇಕೆ’ ಪ್ರತ್ಯಯ ಹತ್ತಿ ಆದ ಭಾವನಾಮ, ನಂಬಿಕೆ, ಹೆದರಿಕೆಗಳಂತೆ. ಬೇಡುವುದೆಂದರೆ ಯಾಚಿಸುವುದು. ಬೇಡುವವನು ಕೆಳಗೆ ನಿಂತಿರುತ್ತಾನೆ, ಕೊಡುವವನು ಮೇಲೆ. ಹಣ ಕೊಟ್ಟು ಕೊಳ್ಳುವವನನ್ನು ಯಾಚಕನೆಂದು ಕರೆಯುವ ಈ ಪದವು ಅರ್ಥಶಾಸ್ತ್ರದ ಪಾಠಗಳಲ್ಲಿ ರೂಢಿಯಾಗಿಬಿಟ್ಟಿದೆ. ಅದನ್ನು ಕೀಳುವುದು ಈಗ ಅಶಕ್ಯ. ಆದರೆ ವಿದ್ಯುದ್ವಿಷಯದಲ್ಲಿ ಅದು ಮೂರು ಅರ್ಥಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಯಂತ್ರಜ್ಞನಿಗೆ ಬೇಡಿಕೆಯೆಂದರೆ ಒಂದು ಕ್ಷಣದಲ್ಲಿ ಜಾಲದಿಂದ ಸೆಳೆಯುವ ಕಿಲೋವಾಟಿನ ಪ್ರಮಾಣ. ವರ್ತಕನಿಗೆ ಅದು ಇಂತಿಷ್ಟು ಬೆಲೆಗೆ ಇಂತಿಷ್ಟು ಕೊಳ್ಳುವ ಇಚ್ಛೆ. ಮನೆಯವಳಿಗಾದರೋ ಅದು ಅಗತ್ಯ. ಯಂತ್ರಜ್ಞನ ಬೇಡಿಕೆಯನ್ನು ಇಳಿಸಬಹುದು. ವರ್ತಕನ ಬೇಡಿಕೆಯನ್ನು ಬೆಲೆಯಿಂದ ಬಾಗಿಸಬಹುದು. ಅಗತ್ಯವನ್ನು ಬೆಲೆಯಿಂದ ಬಾಗಿಸಲು ಹೊರಟರೆ ಅದು ಬಾಗುವುದಿಲ್ಲ, ಮುರಿಯುತ್ತದೆ. ಒಂದೇ ಪದ ಮೂರಕ್ಕೂ ನಿಂತರೆ ಓದುವವನು ಮೊದಲನೆಯದನ್ನು ಕುರಿತ ವಾಕ್ಯವನ್ನು ಮೂರನೆಯದಕ್ಕೆ ಅನ್ವಯಿಸಿಬಿಡುವ ಅಪಾಯವುಂಟು.

‘ಪ್ರತಿಕ್ರಿಯೆ’ ಇನ್ನೂ ವಿಲಕ್ಷಣ. ಸಂಸ್ಕೃತದಲ್ಲಿ ಅದಕ್ಕೆ ಪ್ರತೀಕಾರ, ಪರಿಹಾರ, ಚಿಕಿತ್ಸೆ ಎಂಬ ಅರ್ಥಗಳು ಮುಖ್ಯವಾದುವು. ಇದನ್ನೇ ಹಿಡಿದು ಹೊರಟರೆ ‘ಬೇಡಿಕೆಯ ಪ್ರತಿಕ್ರಿಯೆ’ ಎಂದರೆ ಯಾಚನೆಯೆಂಬ ರೋಗಕ್ಕೆ ಮದ್ದು ಎಂದಾಗುತ್ತದೆ! ಷಷ್ಠಿಯಾದರೂ ಸ್ಪಷ್ಟವೇ? ಬೇಡಿಕೆಯು ಮಾಡುವ ಪ್ರತಿಕ್ರಿಯೆಯೋ, ಬೇಡಿಕೆಗೆ ಮಾಡುವ ಪ್ರತಿಕ್ರಿಯೆಯೋ? ಎರಡಕ್ಕೂ ಎಡೆಯಿದೆ. ಕರ್ತೃವು ಯಾರೆಂದು ತಿಳಿಯದ ಪದದಲ್ಲಿ ಹೊಣೆ ಯಾರದೆಂಬುದೂ ತಿಳಿಯದು. ಇದು ಕೇವಲ ವೈಯಾಕರಣನ ತಕರಾರಲ್ಲವೆಂಬುದು ಮುಂದೆ ವಿಶದವಾಗುವುದು.

3. ವಿಧಿಯ ಸ್ವರೂಪ

ತಿದ್ದುಪಡಿಯ ಸಾರಾಂಶವಿದು. ಹತ್ತು ಕಿಲೋವಾಟಿಗೆ ಮೀರಿದ ಗರಿಷ್ಠ ಬೇಡಿಕೆಯುಳ್ಳ ವಾಣಿಜ್ಯ ಮತ್ತು ಕೈಗಾರಿಕೆಯ ಗ್ರಾಹಕರಿಗೆ 2024ನೆಯ ಏಪ್ರಿಲ್ 1ರೊಳಗೆ, ಬೇಸಾಯಗಾರರನ್ನು ಬಿಟ್ಟು ಉಳಿದವರಿಗೆ 2025ನೆಯ ಏಪ್ರಿಲ್ 1ರೊಳಗೆ ಕಾಲಭೇದದ ದರವನ್ನು ಜಾರಿಗೆ ತರತಕ್ಕದ್ದು. ಸ್ಮಾರ್ಟ್ ಮೀಟರು ಕೂಡಿಸಿದವರಿಗೆ ಕೂಡಿಸಿದೊಡನೆಯೇ. ಗರಿಷ್ಠ ಬಳಕೆಯ ಹೊತ್ತಿನಲ್ಲಿ ದರವು ವಾಣಿಜ್ಯ ಕೈಗಾರಿಕೆಗಳಿಗೆ ಸಾಮಾನ್ಯ ದರದ 1.20 ಪಾಲಿಗೂ ಉಳಿದವರಿಗೆ 1.10 ಪಾಲಿಗೂ ಕಡಮೆಯಾಗಿರಕೂಡದು. ರಾಜ್ಯದ ಆಯೋಗವು ಗೊತ್ತುಮಾಡುವ ಎಂಟು ಗಂಟೆಗಳ ಸೌರಕಾಲದಲ್ಲಿ ಸಾಮಾನ್ಯ ದರಕ್ಕಿಂತ ಕನಿಷ್ಠ ನೂರಕ್ಕೆ 20ರಷ್ಟು ಕಡಮೆಯಿರಬೇಕು. ಗರಿಷ್ಠ ಬಳಕೆಯ ಹೊತ್ತು ಸೌರಕಾಲಕ್ಕಿಂತ ದೀರ್ಘವಾಗಿರಕೂಡದು. ಈ ದಿನಾಂಕಗಳು ಕಳೆದಿವೆ. ಆಚರಣೆಯು ರಾಜ್ಯ ರಾಜ್ಯಕ್ಕೂ ಬೇರೆ ಬೇರೆಯಾಗಿದೆ. ಆದರೆ ವಿಧಿಯು ವಿಧಿಯಾಗಿ ನಿಂತಿದೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಗೃಹಸ್ಥನಿಗೆ ಸಂಜೆಯ ದಂಡವು ಹತ್ತರಿಂದ ಮೊದಲಾದರೆ ಮಧ್ಯಾಹ್ನದ ರಿಯಾಯಿತಿ ಇಪ್ಪತ್ತರಿಂದ ಮೊದಲಾಗುತ್ತದೆ. ನಿಷೇಧಕ್ಕಿಂತ ಪ್ರವರ್ತನೆಗೆ ಹೆಚ್ಚು ಬಲ ಕೊಟ್ಟಿರುವುದು ವಿಧಿಕಾರರ ವಿವೇಕ. ಸ್ಮಾರ್ಟ್ ಮೀಟರನ್ನು ದಿನಕ್ಕೊಮ್ಮೆಯಾದರೂ ದೂರದಿಂದಲೇ ಓದಿ ಲೆಕ್ಕವನ್ನು ಗ್ರಾಹಕನಿಗೆ ತೋರಿಸಬೇಕೆಂಬುದೂ ಯುಕ್ತವೇ, ತಿಳಿಯದವನಿಗೆ ವಿಧಿಯಿಲ್ಲ. ದೋಷವೆಂದರೆ, ಸಂಜೆಯ ದಂಡಕ್ಕೆ ಕೆಳಗಣ ಮೇರೆಯನ್ನು ಕಟ್ಟಿ ಮೇಲಣ ಮೇರೆಯನ್ನು ಬಯಲಿಗೆ ಬಿಟ್ಟಿರುವುದು.

ದಂಡವೆಂಬ ಮಾತನ್ನು ತುಸು ತಿದ್ದಬೇಕು. ಸಂಧ್ಯಾವಂದನೆಗೆ ಮುಖ್ಯಕಾಲವೂ ಗೌಣಕಾಲವೂ ಉಂಟು. ಮುಖ್ಯಕಾಲ ಮೀರಿದರೆ ಕರ್ಮವು ನಿಷಿದ್ಧವಾಗುವುದಿಲ್ಲ. ಪ್ರಾಯಶ್ಚಿತ್ತದ ಒಂದು ಅರ್ಘ್ಯವನ್ನು ಹೆಚ್ಚಾಗಿ ಕೊಟ್ಟು ಮಾಡಬಹುದು. ಈ ವಿಧಿಯ ನೂರಕ್ಕೆ ಹತ್ತು ಇಂಥ ಅರ್ಘ್ಯವೇ. ಸಂಜೆ ಬಳಸಬೇಡವೆಂದು ಹೇಳಿಲ್ಲ. ಬಳಸಿದರೆ ಹೆಚ್ಚು ಕೊಡು ಎಂದಿದೆ. ಆದರೆ ಪ್ರಾಯಶ್ಚಿತ್ತವು ಯಾರಿಗೆ? ಮುಖ್ಯಕಾಲದಲ್ಲಿ ಮಾಡಲು ಬರುತ್ತಿದ್ದು ಮಾಡದವನಿಗೆ. ಕರ್ಮದ ಮುಖ್ಯಕಾಲವೇ ಸಂಜೆಯಾದರೆ ಪ್ರಾಯಶ್ಚಿತ್ತಕ್ಕೆ ನಿಮಿತ್ತವೇನು? ಪ್ರಶ್ನೆಯು ಇಲ್ಲಿಂದ ಮೊದಲಾಗುತ್ತದೆ.

4. ನಿತ್ಯ, ನೈಮಿತ್ತಿಕ, ಕಾಮ್ಯ

ಮನೆಯ ವಿದ್ಯುತ್ಕಾರ್ಯಗಳನ್ನು ಶಾಸ್ತ್ರದ ಮೂರು ವರ್ಗಗಳಲ್ಲಿ ಸುಖವಾಗಿ ಹಂಚಬಹುದು. ಸಂಜೆಯ ದೀಪ, ಸೆಕೆಯಲ್ಲಿ ಪಂಖ, ಮಕ್ಕಳ ಓದು, ರೋಗಿಯ ಯಂತ್ರ ಇವು ನಿತ್ಯ. ಹಬ್ಬ, ಮದುವೆ, ಬಂದ ನೆಂಟರು ಇವುಗಳಿಂದ ಆಗುವುದು ನೈಮಿತ್ತಿಕ. ಹಜಾರವನ್ನು ತಣ್ಣಗಿರಿಸುವುದು, ಅಲಂಕಾರದ ದೀಪಮಾಲೆ ಮುಂತಾದುವು ಕಾಮ್ಯ. ನಿತ್ಯವನ್ನು ಅಂಗಗಳು ಕೊರತೆಯಾದರೂ ಶಕ್ತ್ಯನುಸಾರ ಮಾಡಲೇಬೇಕು, ಬಿಡುವಂತಿಲ್ಲ. ಕಾಮ್ಯವನ್ನು ಸಾಂಗವಾಗಿ ಮಾಡಲು ಬಾರದಿದ್ದರೆ ಬಿಡಬಹುದು. ಇದು ಆರನೆಯ ಅಧ್ಯಾಯದ ನಿರ್ಣಯ.

ಇನ್ನೊಂದು ವಿಭಾಗವೂ ಬೇಕು. ಐದನೆಯ ಅಧ್ಯಾಯದಲ್ಲಿ ಕರ್ಮಗಳ ಕ್ರಮವನ್ನು ಹೇಳುತ್ತ ಒಂದು ಅಂಗವನ್ನು ಮುಂದಕ್ಕೆ ತಳ್ಳುವುದಕ್ಕೆ ಉತ್ಕರ್ಷವೆಂದೂ ಹಿಂದಕ್ಕೆ ಎಳೆದು ಮೊದಲೇ ಮಾಡುವುದಕ್ಕೆ ಅಪಕರ್ಷವೆಂದೂ ಕರೆದಿದ್ದಾರೆ. ಪೇಟೆಯ ಪಂಡಿತರು ಹೊಸದೆಂದು ಹೇಳುವ ಸಂಗತಿಗೆ ಇವಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು. ನೀರೆತ್ತುವ ಒಂದು ಅಶ್ವಶಕ್ತಿಯ ಪಂಪನ್ನು ಸಂಜೆಯ ಬದಲು ಮಧ್ಯಾಹ್ನ ನಡೆಸಿದರೆ ಅದು ಅಪಕರ್ಷ. ಮೇಲಿನ ತೊಟ್ಟಿಯಲ್ಲಿ ನೀರು ಕಾದಿರುತ್ತದೆ. ವಿದ್ಯುತ್ ಕಾರಿಗೆ ಶಕ್ತಿ ತುಂಬುವುದನ್ನು ಮರುದಿನದ ಮಧ್ಯಾಹ್ನಕ್ಕೆ ತಳ್ಳಿದರೆ ಉತ್ಕರ್ಷ. ಎರಡರಲ್ಲಿಯೂ ಕೆಲಸ ಕೆಡುವುದಿಲ್ಲ. ಸಂಜೆಯ ದೀಪಕ್ಕೆ ಎರಡೂ ಇಲ್ಲ. ಸಾಯಂಕಾಲದ ಅಗ್ನಿಹೋತ್ರವನ್ನು ಮಧ್ಯಾಹ್ನಕ್ಕೆ ತಂದರೆ ಅದು ಅಗ್ನಿಹೋತ್ರವೇ ಅಲ್ಲ. ಅಂತೆಯೇ ಮಧ್ಯಾಹ್ನ ಉರಿಸಿದ ಬಲ್ಬಿನಿಂದ ಸಂಜೆಯ ಕತ್ತಲೆ ತೊಲಗದು. ಅದನ್ನು ‘ಬದಲಿಸು’ ಎಂದರೆ ಅರ್ಥ ಲೋಪ ಮಾಡು ಎಂದೇ.

ಈ ಎರಡು ಅಂತ್ಯಗಳ ನಡುವೆ ಬಹುಪಾಲು ಗೃಹಕೃತ್ಯಗಳಿವೆ. ನಮ್ಮ ಮನೆಯ ಒಂದು ಉದಾಹರಣೆಯನ್ನು ಕೊಡಲು ಅಪ್ಪಣೆಯಾಗಬೇಕು. ಈ ವಿಧಿಯನ್ನು ಓದಿದ ಮೇಲೆ ಲೇಖಕನು ಪಂಪನ್ನು ಮಧ್ಯಾಹ್ನಕ್ಕೆ ಬದಲಿಸಿದನು, ಏನೂ ತೊಂದರೆಯಾಗಲಿಲ್ಲ. ಅದೇ ಉತ್ಸಾಹದಲ್ಲಿ, ದೋಸೆಯ ಹಿಟ್ಟನ್ನು ಸಂಜೆ ರುಬ್ಬುವ ಬದಲು ಮಧ್ಯಾಹ್ನವೇ ರುಬ್ಬಬಾರದೇ ಎಂದು ಗೃಹಿಣಿಯನ್ನು ಕೇಳಿದನು. ‘ರುಬ್ಬಬಹುದು. ಅಕ್ಕಿ ಉದ್ದನ್ನು ಬೆಳಗ್ಗೆ ಎದ್ದೊಡನೆ ನೆನೆಹಾಕಬೇಕು. ಬೇಸಗೆಯಲ್ಲಿ ಹಿಟ್ಟು ರಾತ್ರಿಗೇ ಹುಳಿಯುಕ್ಕುತ್ತದೆ. ಮಧ್ಯಾಹ್ನ ಮಲಗುವ ಅರ್ಧ ಗಂಟೆ ನನಗಿಲ್ಲ. ನಿಮ್ಮ ಕಂಪೆನಿ ಎಷ್ಟು ಕೊಡುತ್ತದೆ?’ ಎಂದಳು. ಲೆಕ್ಕ ಹಾಕಿದರೆ ಕೆಲವು ಪೈಸೆಗಳಾದುವು. ಒಂದು ಅಂಗವನ್ನು ಅಪಕರ್ಷಿಸಿದರೆ ಅದಕ್ಕೆ ಮೊದಲು ಇರುವ ಅಂಗಗಳೂ ಜೊತೆಯಲ್ಲಿಯೇ ಹಿಂದಕ್ಕೆ ಬರುತ್ತವೆಂಬ ಮೀಮಾಂಸಕರ ನ್ಯಾಯವನ್ನು ಓದದೆಯೇ ಆಕೆ ಹೇಳಿಬಿಟ್ಟಳು. ರುಬ್ಬುವುದು ಸರಿದರೆ ನೆನೆಹಾಕುವುದೂ ಸರಿಯುತ್ತದೆ. ಅದರೊಡನೆ ಒಬ್ಬಳ ವಿಶ್ರಾಂತಿಯೂ ಸರಿಯುತ್ತದೆ. ಮೀಟರು ಯೂನಿಟ್ಟನ್ನು ಎಣಿಸುತ್ತದೆ. ಈ ಸರಪಣಿಯನ್ನು ಎಣಿಸದು. ಹಗಲು ಕೂಲಿಗೋ ಕಚೇರಿಗೋ ಹೋಗುವ ಹೆಂಗಸಿನ ಮನೆಯಲ್ಲಿ ಈ ಅಪಕರ್ಷವು ಅಸಂಭವವೇ.

5. ಅಧಿಕಾರವಿಚಾರ

ಯಾವ ವಿಧಿಗೂ ಅಧಿಕಾರಿ ಯಾರೆಂಬುದು ಮುಖ್ಯಪ್ರಶ್ನೆ. ಅರ್ಥಿಯಾಗಿರಬೇಕು, ಸಮರ್ಥನಾಗಿರಬೇಕು, ಬಲ್ಲವನಾಗಿರಬೇಕು, ಹೊರಗಿಡಲ್ಪಟ್ಟವನಾಗಿರಕೂಡದು. ಇವು ನಾಲ್ಕು ಲಕ್ಷಣಗಳು. ಪ್ರಕೃತ ವಿಧಿಯಲ್ಲಿ ಬಲ್ಲವನಾಗಲು ಮೀಟರಿದೆ. ಬೇಸಾಯಗಾರನನ್ನು ಹೊರಗಿಡಲು ಪರ್ಯುದಾಸವಿದೆ. ಫಲದ ಆಸೆ ಹುಟ್ಟಿಸಲು ರಿಯಾಯಿತಿಯಿದೆ. ಸಾಮರ್ಥ್ಯವನ್ನು ಕುರಿತು ಒಂದು ಮಾತೂ ಇಲ್ಲ.

ಹೊರದೇಶಗಳ ಮೂರು ಪ್ರಯೋಗಗಳು ಈ ಕೊರತೆಯ ತೂಕವನ್ನು ತಿಳಿಸುತ್ತವೆ. ಫ್ರಾನ್ಸಿನ ‘ಟೆಂಪೊ’ ಎಂಬ ದರದಲ್ಲಿ ವರ್ಷಕ್ಕೆ 300 ನೀಲಿ ದಿನ, 43 ಬಿಳಿ ದಿನ, 22 ಕೆಂಪು ದಿನಗಳು. ಕೆಂಪು ದಿನಗಳು ಚಳಿಗಾಲದಲ್ಲಿ ಮಾತ್ರ ಬರುತ್ತವೆ. ಹಗಲಿನ ಬೆಲೆ ಆಗ ಹಲವು ಪಟ್ಟು ಏರುತ್ತದೆ. ಯಾವ ದಿನ ಕೆಂಪೆಂಬುದು ಹಿಂದಿನ ದಿನವೇ ತಿಳಿಯುತ್ತದೆ. ಆದರೆ ಅದನ್ನು ಬೇಕೆಂದವರು ಆರಿಸಿಕೊಳ್ಳುತ್ತಾರೆ. ಬೇರೆ ಬಗೆಯಿಂದ ಮನೆಯನ್ನು ಬೆಚ್ಚಗಿಡಬಲ್ಲವನು ಸೇರುತ್ತಾನೆ, ಆಗದವನು ಸಾಮಾನ್ಯ ದರದಲ್ಲಿಯೇ ಉಳಿಯುತ್ತಾನೆ. ಇಲ್ಲಿ ಅರ್ಥಿತ್ವವೇ ಸಾಮರ್ಥ್ಯವನ್ನು ಪರೀಕ್ಷಿಸುತ್ತದೆ.

ಅಮೆರಿಕದ ಟೆಕ್ಸಾಸಿನಲ್ಲಿ ಕೆಲವು ಗೃಹಸ್ಥರು ಪೇಟೆಯ ಸಗಟು ಬೆಲೆಯನ್ನೇ ಕೊಡುವುದಾಗಿ ಒಪ್ಪಿದ್ದರು. 2021ನೆಯ ಫೆಬ್ರವರಿಯ ಹಿಮಗಾಳಿಯಲ್ಲಿ ಆ ಬೆಲೆ ಯೂನಿಟ್ಟಿಗೆ 9 ಡಾಲರಿಗೆ ಏರಿತು. ಅವರು ಅರ್ಥಿಗಳೂ ಹೌದು, ಬೆಲೆಯನ್ನು ತಿಳಿಯುವ ಸಾಧನವೂ ಅವರಲ್ಲಿತ್ತು. ಆದರೆ ಕೊರೆಯುವ ಚಳಿಯಲ್ಲಿ ಮನೆಯ ಶಾಖವು ನಿತ್ಯಕರ್ಮ. ಸಾಮರ್ಥ್ಯವಿಲ್ಲದ ಕಾರಣ ಸಾವಿರಾರು ಡಾಲರುಗಳ ಬಿಲ್ಲು ಬಂದಿತು. ಅದೇ ವರ್ಷ ಆ ರಾಜ್ಯದ ಶಾಸನಸಭೆಯು ಗೃಹಸ್ಥರಿಗೆ ಅಂಥ ಒಪ್ಪಂದಗಳನ್ನೇ ನಿಷೇಧಿಸಿತು.

ಮೂರನೆಯದು ಕ್ಯಾಲಿಫೋರ್ನಿಯ. 2022ನೆಯ ಸೆಪ್ಟೆಂಬರ್ 6ರಂದು ಉರಿಬಿಸಿಲಿನಲ್ಲಿ ಅಲ್ಲಿಯ ಜಾಲದ ಭಾರವು 52,061 ಮೆಗಾವಾಟಿಗೆ ಏರಿ, ಹಿಂದಿನ ಎಲ್ಲ ದಾಖಲೆಗಳನ್ನೂ ಮೀರಿತು. ಸಂಜೆ 5 ಗಂಟೆ 45 ನಿಮಿಷಕ್ಕೆ ಜನರ ದೂರವಾಣಿಗಳಿಗೆ ಸರಕಾರದ ಸಂದೇಶ ಹೋಯಿತು. ಅನತಿಕಾಲದಲ್ಲಿಯೇ ಭಾರವು ಸಾವಿರ ಮೆಗಾವಾಟಿಗೂ ಮೀರಿ ಇಳಿದು, ಸರದಿಯ ಕಡಿತವು ತಪ್ಪಿತು. ಆ ಸಂದೇಶದಲ್ಲಿ ಬೆಲೆಯ ಮಾತಿರಲಿಲ್ಲ. ಅತ್ಯಗತ್ಯವಲ್ಲದ ಬಳಕೆಯನ್ನು, ಆರೋಗ್ಯಕ್ಕೆ ಬಾಧಕವಿಲ್ಲದಿದ್ದರೆ, ನಿಲ್ಲಿಸಿರಿ ಎಂಬ ಅಭಿಪ್ರಾಯವಿತ್ತು. ವಿಮರ್ಶಕನು ಗಮನಿಸತಕ್ಕದ್ದು ಈ ಎರಡು ವಿಶೇಷಣಗಳನ್ನು. ಮೊದಲನೆಯದು ನಿತ್ಯವನ್ನು ಹೊರಗಿಟ್ಟಿತು. ಎರಡನೆಯದು ಅಸಮರ್ಥನನ್ನು ಬಿಟ್ಟುಕೊಟ್ಟಿತು. ಅವಸರದಲ್ಲಿ ಬರೆದ ಎರಡು ಸಾಲಿನ ಸಂದೇಶದಲ್ಲಿ ಇದ್ದ ಅಧಿಕಾರವಿವೇಕವು ನಿಧಾನವಾಗಿ ಬರೆದ ನಿಯಮದಲ್ಲಿ ಇಲ್ಲವಲ್ಲಾ ಎಂಬುದೇ ವ್ಯಥೆ.

ಈಗ ನಮ್ಮ ವಿಧಿಯನ್ನು ಎರಡು ಮನೆಗಳಿಗೆ ಅನ್ವಯಿಸಿ ನೋಡೋಣ. ಸಾಮಾನ್ಯ ದರ ಯೂನಿಟ್ಟಿಗೆ 6 ರೂಪಾಯಿ ಎಂದು ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಳ್ಳಿರಿ. ಸಂಜೆ 6 ರೂಪಾಯಿ 60 ಪೈಸೆ, ಸೌರಕಾಲದಲ್ಲಿ 4 ರೂಪಾಯಿ 80 ಪೈಸೆ. ಮೊದಲನೆಯ ಮನೆಯವರು ಹಗಲೆಲ್ಲ ಹೊರಗೆ ದುಡಿಯುವವರು, ಶೀತಪೆಟ್ಟಿಗೆಯಿಲ್ಲ. ಸಂಜೆ ನಾಲ್ಕು ಬಲ್ಬು, ಎರಡು ಪಂಖ, ಒಂದು ಟೆಲಿವಿಷನ್. ನಾಲ್ಕು ಗಂಟೆಗೆ ಹೆಚ್ಚು ಕಡಮೆ ಒಂದು ಯೂನಿಟ್ಟು. ಸರಿಸಲು ಏನೂ ಇಲ್ಲ. ತಿಂಗಳಿಗೆ 18 ರೂಪಾಯಿ ಹೆಚ್ಚು ಕೊಡುತ್ತಾರೆ. ಎರಡನೆಯ ಮನೆಯಲ್ಲಿ ವಿದ್ಯುತ್ ಕಾರು. ದಿನಕ್ಕೆ 10 ಯೂನಿಟ್ಟನ್ನು ಸಂಜೆಯ ಬದಲು ಮಧ್ಯಾಹ್ನ ತುಂಬುತ್ತಾರೆ. ಹಳೆಯ ಏಕದರಕ್ಕಿಂತ ದಿನಕ್ಕೆ 12 ರೂಪಾಯಿ ಉಳಿಯುತ್ತದೆ. ಎರಡನೆಯವರ ಲಾಭವನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಅವರಿಂದ ಜಾಲಕ್ಕೆ ನಿಜವಾಗಿ ಉಪಕಾರವಾಗಿದೆ. ಮೊದಲನೆಯವರು ಕೊಟ್ಟ 18 ರೂಪಾಯಿಯಿಂದಲಾದರೋ ಒಂದು ಬಲ್ಬೂ ಆರಲಿಲ್ಲ, ಒಂದು ಕ್ರಿಯೆಯೂ ಸರಿಯಲಿಲ್ಲ.

6. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: ‘ಸಂಜೆಯ ಭಾರವೆಂಬುದು ಇಂಥ ಕೋಟಿ ಚಿಕ್ಕ ಮನೆಗಳ ಮೊತ್ತವೇ. ಸಂಜೆಯ ವಿದ್ಯುತ್ತಿಗೆ ನಿಜವಾಗಿಯೂ ಹೆಚ್ಚು ಖರ್ಚಾಗುತ್ತದೆ. ಅದನ್ನು ಬಳಸಿದವನು ಕೊಡದಿದ್ದರೆ ಮತ್ತಾರು ಕೊಡಬೇಕು?’ ಇದು ತಳ್ಳಿಹಾಕುವ ಮಾತಲ್ಲ. ಖರ್ಚಿಗೆ ತಕ್ಕ ಬೆಲೆಯೆಂಬುದು ಒಂದು ನ್ಯಾಯ. ಅದನ್ನು ಆ ಹೆಸರಿನಿಂದಲೇ ಹೇಳಿ ಸಮರ್ಥಿಸಲಿ. ಆದರೆ ಕ್ರಿಯೆಯನ್ನು ಬದಲಿಸುವುದಕ್ಕಾಗಿ ಎಂದು ಹೇಳಿ, ಕ್ರಿಯೆ ಬದಲಾಗದಿರುವಲ್ಲಿಯೂ ವಸೂಲಿ ಮಾಡಿದರೆ ಅದು ವಿಧಿಯಲ್ಲ, ಕಂದಾಯ. ‘ಬೇಡಿಕೆಯ ಪ್ರತಿಕ್ರಿಯೆ’ ಎಂಬ ಕರ್ತೃವಿಲ್ಲದ ಪದವು ಈ ಎರಡನ್ನೂ ಒಂದೇ ಹೊದಿಕೆಯಲ್ಲಿ ಮುಚ್ಚುತ್ತದೆ. ಪದದ ಮಬ್ಬು ವಿಧಿಯ ಮಬ್ಬಾಗುವುದು ಹೀಗೆ.

ಕರ್ಣಾಟಕದ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬೇಕು. ನಮ್ಮ ಬೇಸಾಯಗಾರನು ಈ ವಿಧಿಯಿಂದ ಹೊರಗಿದ್ದಾನೆ. ಆದರೆ ದಶಕಗಳಿಂದ ಅವನಷ್ಟು ಹೊತ್ತು ಬದಲಿಸಿದವರು ಇನ್ನಾರೂ ಇಲ್ಲ. ಮೂರು ಫೇಸಿನ ಕರೆಂಟು ಯಾವಾಗ ಬರುವುದೋ ಆಗಲೇ ಅವನು ಪಂಪು ಹಾಕಬೇಕು. ನಡುರಾತ್ರಿ ಬಂದರೆ ನಡುರಾತ್ರಿ, ಹಾವು ಹುಪ್ಪಟೆಯೆನ್ನದೆ ಹೊಲಕ್ಕೆ ನಡೆಯಬೇಕು. ಅಲ್ಲಿ ಇಚ್ಛೆಯನ್ನು ಕೇಳಿದವರಿಲ್ಲ. ಎರಡನೆಯದು, 2023ರಲ್ಲಿ ಆರಂಭವಾದ ಗೃಹಜ್ಯೋತಿ. ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತನ್ನು ಕೂಡಿಸಿ, 200 ಯೂನಿಟ್ಟುಗಳ ಮಿತಿಯೊಳಗೆ ಬಿಲ್ಲನ್ನು ಮನ್ನಾ ಮಾಡುವ ಯೋಜನೆಯಿದು. ಇದರ ಅಳತೆ ತಿಂಗಳ ಮೊತ್ತ. ಹೊತ್ತಿನ ಎಣಿಕೆ ಇದಕ್ಕಿಲ್ಲ. ಬಡವನಿಗೆ ದೊಡ್ಡ ಉಪಕಾರವಾದರೂ, ಬಿಲ್ಲೇ ಇಲ್ಲದ ಮನೆಗೆ ಕಾಲಭೇದದ ದರವು ಕಿವುಡನ ಮುಂದೆ ಊದಿದ ಶಂಖ. ಅಂಥ ಮನೆಗೆ ಮಧ್ಯಾಹ್ನ ಪಂಪು ನಡೆಸಲು ಕಾರಣ ಬೇಕಾದರೆ ದಂಡವು ಕೊಡದು. ಸರಿಸಿದ ಯೂನಿಟ್ಟಿಗೆ ಬಹುಮಾನವೇ ಕೊಡಬೇಕು.

7. ಸಿದ್ಧಾಂತ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಈ ವಿಧಿಯು ಗೃಹಸ್ಥನಿಂದ ಕೇಳುವುದು ಪ್ರಮಾಣವನ್ನಲ್ಲ, ಕಾಲವನ್ನು. ಕಾಲವನ್ನು ಕೊಡಬಲ್ಲವನು ಉತ್ಕರ್ಷಾಪಕರ್ಷಯೋಗ್ಯವಾದ ಕೃತ್ಯಗಳುಳ್ಳವನು ಮಾತ್ರ, ಅವನೇ ಅಧಿಕಾರಿ. ನಿತ್ಯಮಾತ್ರವುಳ್ಳ ಮನೆಯು ಅಧಿಕಾರಿಯಲ್ಲ. ಅದನ್ನು ಬೇಸಾಯಗಾರನಂತೆ ಪರ್ಯುದಾಸದಿಂದ ಹೊರಗಿಡುವುದು ಯುಕ್ತ. ಇದು ವಿಧಿಗೆ ಹೊರಗಿನಿಂದ ತಂದ ಕಲ್ಪನೆಯಲ್ಲ. ವಾಣಿಜ್ಯ ಕೈಗಾರಿಕೆಗಳಲ್ಲಿ ಹತ್ತು ಕಿಲೋವಾಟಿಗೆ ಮೀರಿದವರನ್ನು ಮೊದಲು, ಉಳಿದವರನ್ನು ಆಮೇಲೆ ಎಂದು ವಿಧಿಯ ಉಪಕ್ರಮದಲ್ಲಿಯೇ ಶಕ್ತಿಯನ್ನು ನೋಡಿ ವಿಂಗಡಿಸಿದ್ದಾರೆ. ಉಪಕ್ರಮದಲ್ಲಿ ಒಪ್ಪಿದ ವಿವೇಕವನ್ನು ಉಪಸಂಹಾರದಲ್ಲಿ, ಎಂದರೆ ಮನೆಗಳ ವಿಷಯದಲ್ಲಿ, ಕೈಬಿಡಲು ಕಾರಣವಿಲ್ಲ. ಜೊತೆಗೆ ಸಂಜೆಯ ದರಕ್ಕೆ ಮೇಲಣ ಮೇರೆಯೊಂದನ್ನು ಕಟ್ಟಬೇಕು.

ಪದದ ಬಗೆಗೆ ಒಂದು ವಿಜ್ಞಾಪನೆ. ಈ ವ್ಯವಹಾರಕ್ಕೆ ‘ಹೊತ್ತುಹೊಂದಿಕೆ’ ಎಂಬುದನ್ನು ವಿದ್ವಾಂಸರು ಪರಿಶೀಲಿಸಬೇಕು. ಹೊಂದಿಕೆಯೆಂಬಲ್ಲಿ ಇಬ್ಬರು ಬೇಕು. ಒಬ್ಬನು ಬೇಡಿ ಇನ್ನೊಬ್ಬನು ಕೊಡುವ ಭಾವವಿಲ್ಲ. ಮುಂದಕ್ಕೆ ತಳ್ಳುವುದು ಮುಂದೂಡಿಕೆ, ಮೊದಲೇ ಮಾಡುವುದು ಹಿಂದೆಳೆತ, ಏನೂ ಮಾಡದೆ ಬಿಡುವುದು ಲೋಪ. ಬಿಲ್ಲಿನಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಬರೆದರೆ, ತಾನು ಸಹಕರಿಸಿದೆನೋ ಕಷ್ಟಪಟ್ಟೆನೋ ಎಂಬುದು ಮನೆಯವಳಿಗೆ ತಿಳಿಯುತ್ತದೆ. ಅದನ್ನು ಅವಳಿಗಿಂತ ಮೊದಲು ವಿಧಿಕಾರರು ತಿಳಿಯಬೇಕಾಗಿದೆ.